ಚರ್ಮದ ಗಂಟಿನೊಳಗೆ ಎಲುಬು ಬೆಳೆದ ಕಥೆ

ಮಗುವಿನ ಕೆನ್ನೆ ಮೇಲೋ ಕುತ್ತಿಗೆ ಮೇಲೋ ಒಂದು ಗಂಟು. ಮುಟ್ಟಿದರೆ ಕಲ್ಲಿನ ಹಾಗೆ. ಇಂಥದ್ದು ಕಂಡರೆ ನಮ್ಮ ಹಳ್ಳಿಗಳಲ್ಲಿ ಮನೆಮಂದಿಗೆಲ್ಲ ಮೊದಲು ಬರೋದು ಕ್ಯಾನ್ಸರ್ ಭಯ. ಹಾಗಂತ ಹಳ್ಳಿಯವರನ್ನು ನಗಬೇಡಿ. ಒಂದು ಕಾಲದಲ್ಲಿ ಈ ಗಂಟಿಗೆ ವೈದ್ಯರೇ ಹೆದರಿಸುವ ಹೆಸರಿಟ್ಟಿದ್ದರು.

1880ರಲ್ಲಿ ಫ್ರಾನ್ಸಿನ ಮಾಲೆರ್ಬ್ ಮತ್ತು ಶೆನಾಂಟೆ ಎಂಬ ವೈದ್ಯರು ಇಂಥ ಗಂಟಿನ ವಿವರ ಬರೆದರು. ಒಳಗೆ ಸುಣ್ಣ ಕಟ್ಟಿತ್ತು. ಚರ್ಮಕ್ಕೆ ಜಿಡ್ಡು ಕೊಡುವ ಗ್ರಂಥಿಯಿಂದ ಇದು ಹುಟ್ಟುತ್ತದೆ ಎಂದುಕೊಂಡು ‘ಸುಣ್ಣಗಟ್ಟುವ ಎಪಿಥೀಲಿಯೋಮ’ ಎಂಬರ್ಥದ ಹೆಸರು ಕೊಟ್ಟರು. ಎಪಿಥೀಲಿಯೋಮ ಅನ್ನೋದು ಆಗ ಚರ್ಮದ ಕ್ಯಾನ್ಸರಿಗೂ ಬಳಸುತ್ತಿದ್ದ ಪದ! 1961ರಲ್ಲಿ ಅಮೆರಿಕದ ಫೋರ್ಬಿಸ್ ಮತ್ತು ಹೆಲ್ವಿಗ್ ಇಂಥ 228 ಗಂಟುಗಳನ್ನು ಪರೀಕ್ಷಿಸಿ, ಇದು ಜಿಡ್ಡಿನ ಗ್ರಂಥಿಯದ್ದಲ್ಲ, ಕೂದಲಿನ ಬುಡದ ಜೀವಕೋಶಗಳದ್ದು ಎಂದು ತೋರಿಸಿದರು. ಪೈಲೋಮೆಟ್ರಿಕ್ಸೋಮ ಎಂಬ ಹೊಸ ಹೆಸರು ಬಂತು. ಹೆಸರು ಸರಿಹೋಗಲು 81 ವರ್ಷ ಬೇಕಾಯಿತು ನೋಡಿ.

ಸುಣ್ಣ ಕಟ್ಟುವುದು ಬೇರೆ, ಎಲುಬಾಗುವುದು ಬೇರೆ. ಬಚ್ಚಲ ಹಂಡೆಯ ತಳದಲ್ಲಿ ಬಿಳಿ ಪದರ ಕೂರುವ ಹಾಗೆ, ಗಂಟಿನೊಳಗಿನ ಸತ್ತ ಜೀವಕೋಶಗಳಲ್ಲಿ ಸುಣ್ಣ ಕೂರುತ್ತದೆ. ಎಲುಬಿಗೆ ಜೀವ ಇರುತ್ತದೆ. ಅದನ್ನು ಕಟ್ಟುವ ಜೀವಕೋಶ ಬೇಕು, ರಕ್ತನಾಳ ಬೇಕು. ಕೆಲವು ಗಂಟುಗಳಲ್ಲಿ ನಿಜವಾಗಿಯೂ ಅಂಥ ಎಲುಬೇ ಸಿಗುತ್ತದೆ. ಮಚ್ಚೆಯಲ್ಲೂ ಅಪರೂಪಕ್ಕೆ ಹೀಗಾಗುವುದುಂಟು. 1911ರಲ್ಲಿ ಅದನ್ನು ವಿವರಿಸಿದ ಫ್ರಾನ್ಸಿನ ನಾಂಟಾ ಅವರ ಹೆಸರೇ ಅದಕ್ಕೆ ಉಳಿದಿದೆ.

ಅಸ್ಥಿಪಂಜರಕ್ಕೆ ಸಂಬಂಧವೇ ಇಲ್ಲದ ಕಡೆ ಎಲುಬು ಹೇಗೆ ಬಂತು? ಈ ಪ್ರಶ್ನೆಗೆ ದಾರಿ ಸಿಕ್ಕಿದ್ದು ಚರ್ಮದ ಡಾಕ್ಟರಿಂದಲ್ಲ, ಮೂಳೆ ಡಾಕ್ಟರಿಂದ. 1965ರಲ್ಲಿ ಅಮೆರಿಕದ ಮಾರ್ಷಲ್ ಯೂರಿಸ್ಟ್, ಸುಣ್ಣದ ಅಂಶ ತೆಗೆದ ಎಲುಬಿನ ಚೂರನ್ನು ಪ್ರಾಣಿಗಳ ಮಾಂಸಖಂಡದೊಳಗೆ ಇಟ್ಟರು. ಅಲ್ಲಿ ಹೊಸ ಎಲುಬು ಬೆಳೆಯಿತು. ಎಲುಬಲ್ಲದ ಜೀವಕೋಶಕ್ಕೂ ‘ಎಲುಬಾಗು’ ಎಂದು ಹೇಳಬಲ್ಲ ಪ್ರೋಟೀನ್ ಇದೆ ಎಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು. ಅದೇ ಗುಂಪಿನ ಪ್ರೋಟೀನ್ ಆಮೇಲೆ ಈ ಕೂದಲ ಬುಡದ ಗಂಟುಗಳಲ್ಲೂ ಸಿಕ್ಕಿತು.

ನಮ್ಮ ಕಡೆ ಗಂಟಿಗೆ, ನರುಲಿಗೆ ಸುಣ್ಣ ಹಚ್ಚಿ ಸುಡುವವರು, ಕೂದಲು ಬಿಗಿದು ಕಟ್ಟುವವರು ಇನ್ನೂ ಇದ್ದಾರೆ. ಒಳಗಿರುವುದು ಎಲುಬಾದರೆ ಸುಣ್ಣ ಏನು ಮಾಡೀತು? ಮೇಲಿನ ಚರ್ಮ ಹುಣ್ಣಾಗುತ್ತದೆ, ಅಷ್ಟೇ. ಚಿಕ್ಕ ಆಪರೇಷನ್ನಿನಲ್ಲಿ ಇದನ್ನು ತೆಗೆಯುತ್ತಾರೆ. ತೆಗೆದ ಗಂಟನ್ನು ಬಿಸಾಡಲು ಬಿಡಬೇಡಿ, ಲ್ಯಾಬಿಗೆ ಕಳಿಸಿ ಅಂತ ಡಾಕ್ಟರಿಗೆ ಹೇಳಿ. ಗಟ್ಟಿಯಾದದ್ದೆಲ್ಲ ಕ್ಯಾನ್ಸರ್ ಅಲ್ಲ, ಆದರೆ ಅಲ್ಲ ಅಂತ ಖಾತ್ರಿಯಾಗಿ ಹೇಳುವುದು ಬೆರಳಲ್ಲ, ಮೈಕ್ರೋಸ್ಕೋಪು.