ತುಪ್ಪವೇರಿ ಬಂದ ಮದ್ದು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಿರಿಯರಿಗೆ ವೈದ್ಯರು ಕೊಡುವ ಘೃತದ ಭರಣಿ ಅಪರಿಚಿತವಲ್ಲ. ಮದ್ದಿನ ಕಹಿಯನ್ನು ಮರೆಸಲೆಂದೇ ತುಪ್ಪ ಬೆರೆಸುತ್ತಿದ್ದರೆಂದು ತಿಳಿದವರುಂಟು. ಕಾರಣ ಅಷ್ಟೇ ಅಲ್ಲ.

ಚರಕ ಸಂಹಿತೆ ಸ್ನೇಹದ್ರವ್ಯಗಳನ್ನು 4 ಎಂದು ಎಣಿಸುತ್ತದೆ: ತುಪ್ಪ, ಎಣ್ಣೆ, ವಸೆ, ಮಜ್ಜೆ. ತನ್ನ ಗುಣವನ್ನು ಬಿಡದೆ, ಕೂಡಿ ಬೆಂದ ಮೂಲಿಕೆಯ ಗುಣವನ್ನೂ ಹೊರುವುದರಿಂದ ತುಪ್ಪಕ್ಕೆ ಅಗ್ರಸ್ಥಾನ. ಜೈನ ವೈದ್ಯನ ಪಾಲಿಗೆ ಈ ಪಟ್ಟಿ ಅರ್ಧಕ್ಕಿಳಿಯಿತು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನು ತನ್ನ ‘ಕಲ್ಯಾಣಕಾರಕ’ದಲ್ಲಿ ಮದ್ಯ, ಮಾಂಸ, ಮಧು ಮೂರನ್ನೂ ಹೊರಗಿಟ್ಟನು. ಮಾಂಸವೇ ಸಲ್ಲದೆಂದ ಮೇಲೆ ವಸೆ, ಮಜ್ಜೆಗಳಿಗೆ ಎಡೆಯೆಲ್ಲಿ? ಜೇನಿನ ಅನುಪಾನವೂ ತಪ್ಪಿತು. 1430ರ ಸಾವಿರ ಕಂಬದ ಬಸದಿಯುಳ್ಳ ಮೂಡುಬಿದಿರೆ, 1604ರ ಗೊಮ್ಮಟನುಳ್ಳ ವೇಣೂರು, ಇಂಥ ನೆಲೆಗಳಲ್ಲಿ ವ್ರತ ಮುರಿಯದೆ ಪ್ರಾಣ ಉಳಿಸಬೇಕಾದವನಿಗೆ ಉಳಿದ ಸ್ನೇಹಗಳು ಎರಡೇ.

ಶಾರ್ಙ್ಗಧರನ ಲೆಕ್ಕದಲ್ಲಿ ಅರೆದ ಕಲ್ಕ 1 ಪಾಲು, ತುಪ್ಪ 4 ಪಾಲು, ದ್ರವ 16 ಪಾಲು. ನೀರೆಲ್ಲ ಆರುವವರೆಗೆ ಹದವಾದ ಉರಿ. ಕಲ್ಕವನ್ನು ಬೆರಳ ನಡುವೆ ಹೊಸೆದರೆ ಬತ್ತಿಯಾಗಬೇಕು. ಬೆಂಕಿಗೆ ಹಾಕಿದರೆ ಚಟಪಟವೆನ್ನಬಾರದು. ಎಣ್ಣೆಯಲ್ಲಾದರೆ ನೊರೆ ಏಳುವುದು, ತುಪ್ಪದಲ್ಲಾದರೆ ನೊರೆ ಅಡಗುವುದು ಪಾಕದ ಗುರುತು. ಆ ಚಟಪಟ ಉಳಿದ ನೀರಿನ ಸದ್ದು. ಉಷ್ಣಮಾಪಕವಿಲ್ಲದ ಕಾಲಕ್ಕೆ ಇದಕ್ಕಿಂತ ಜಾಣ ಪರೀಕ್ಷೆ ನನಗಂತೂ ತೋರದು.

ನೀರಿನಲ್ಲಿ ಕರಗದ ಮದ್ದು ಕರುಳಿನಲ್ಲಿ ಮರಳಿನಂತೆ ಸಾಗಿ ಹೊರಬೀಳುತ್ತದೆ. ಜಿಡ್ಡು ಜೊತೆಗಿದ್ದರೆ ಪಿತ್ತರಸ ಹರಿದುಬಂದು ಅದನ್ನು ಅತಿಸೂಕ್ಷ್ಮ ಕಣಗಳಾಗಿ ಒಡೆಯುತ್ತದೆ. ಅವುಗಳೊಳಗೆ ಕುಳಿತ ಮದ್ದು ಕರುಳಿನ ಗೋಡೆಯನ್ನು ಮುಟ್ಟುತ್ತದೆ. ಹುಳುಕಡ್ಡಿಗೆ ಕೊಡುವ ಗ್ರಿಸಿಯೋಫಲ್ವಿನ್ ಜಿಡ್ಡಿನ ಊಟದೊಡನೆ ಹೆಚ್ಚು ಹೀರಲ್ಪಡುವುದನ್ನು 1961ರಲ್ಲಿ ಅಳೆದು ತೋರಿಸಿದರು. ಕಸಿಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೋರಿನ್‌ಗೆ 1983ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದಾಗ ಅದೂ ಎಣ್ಣೆಯನ್ನೇ ಏರಿತ್ತು. ಆದರೆ ಒಬ್ಬನ ಕರುಳು ಹೀರಿದಷ್ಟು ಇನ್ನೊಬ್ಬನದು ಹೀರುತ್ತಿರಲಿಲ್ಲ. ಕಡಿಮೆಯಾದರೆ ಕಸಿ ಹೋಗುತ್ತದೆ, ಹೆಚ್ಚಾದರೆ ಮದ್ದೇ ಮೂತ್ರಪಿಂಡವನ್ನು ಕೆಡಿಸುತ್ತದೆ. ನೀರು ಸೋಕಿದೊಡನೆ ತಾನೇ ಸಣ್ಣ ಹನಿಗಳಾಗುವ ಹೊಸ ಪಾಕ ಬಂದು ಈ ಏರುಪೇರು ತಗ್ಗಿದ್ದು 1990ರ ದಶಕದಲ್ಲಿ.

ಹಾಗೆಂದು ನಮ್ಮವರು ಎಲ್ಲವನ್ನೂ ಮೊದಲೇ ಕಂಡಿದ್ದರೆಂದು ಹಿಗ್ಗುವುದು ಸಲ್ಲ. ಅಳೆದು ನೋಡುವ ದಾರಿ ಅವರಿಗಿರಲಿಲ್ಲ. ತುಪ್ಪವೂ ಎಲ್ಲ ಗುಣಗಳನ್ನು ಹೊರಲಾರದು. ಅರಿಶಿನದ ಹಳದಿ ಅದಕ್ಕೆ ಇಳಿಯುತ್ತದೆ. ತ್ರಿಫಲೆಯ ಒಗರು ನೀರಿನ ನಂಟಿನದು, ಹೆಚ್ಚಿನಂಶ ಕಲ್ಕದಲ್ಲೇ ಉಳಿದು, ಸೋಸುವ ಬಟ್ಟೆಯೊಡನೆ ಹೊರಗೆ ಹೋಗುತ್ತದೆ.