ಇಗರ್ಜಿಯ ದಫ್ತರಗಳಲ್ಲಿ ನಮ್ಮ ಪೂರ್ವಿಕರು

ತಂದೆ, ತಾತ, ಮುತ್ತಾತ ಎಂಬ ಮೂರು ತಲೆಗಳ ಹೆಸರನ್ನು ಶ್ರಾದ್ಧದ ದಿನ ಪುರೋಹಿತರು ಕೇಳಿದಾಗ ನಾವು ಹೇಗೋ ಹೇಳಿಬಿಡುತ್ತೇವೆ. ನಾಲ್ಕನೆಯ ತಲೆಯ ಹೆಸರನ್ನು ಕೇಳಿದರೆ ನಮ್ಮಲ್ಲಿ ಬಹು ಮಂದಿಗೆ ಮೌನವೇ ಗತಿ. ಅರಸರ ವಂಶಾವಳಿಯನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ತೇರ್ಗಡೆಯಾದ ನಾವು ನಮ್ಮ ಮನೆಯ ವಂಶಾವಳಿಯನ್ನು ನೂರು ವರ್ಷಗಳಾಚೆಗೆ ಕಾಣಲಾರೆವು. ಚರಿತ್ರೆಯನ್ನು ಓದುವವರಿಗೆ ಇದು ಸ್ವಲ್ಪ ನಾಚಿಕೆಯ ಸಂಗತಿಯೇ ಸರಿ.

ಹಾಗೆಂದು ನಮ್ಮ ನಾಡಿನಲ್ಲಿ ವಂಶಸ್ಮರಣೆಯ ಸಾಧನಗಳು ಇರಲಿಲ್ಲವೆಂದಲ್ಲ. ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರಿನಲ್ಲಿ ಗಂಗರ ಕಾಲದ ವೀರಗಲ್ಲಿನ ಶಾಸನವೊಂದುಂಟು. ಸುಮಾರು ಕ್ರಿ.ಶ. ೮೯೦ರದೆಂದು ಹೇಳುವ ಆ ಶಾಸನ ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮನೆತನದವರು ಮಡಿದುದನ್ನು ಹೇಳುತ್ತದೆ. ನಮ್ಮ ಊರಿನ ಹೆಸರು ಕಲ್ಲಿನ ಮೇಲೆ ಕಾಣಿಸಿಕೊಂಡದ್ದೇ ಒಂದು ಮನೆಯವರ ಸಾವಿನ ನೆನಪಿನೊಡನೆ. ಇನ್ನು ಹೆಳವರನ್ನು ಬಲ್ಲವರು ಈಗಲೂ ಹಳ್ಳಿಗಳಲ್ಲಿದ್ದಾರೆ. ಎತ್ತಿನೊಡನೆ ಮನೆಬಾಗಿಲಿಗೆ ಬಂದು, ಆ ಒಕ್ಕಲಿನ ಮೂಲಪುರುಷನಿಂದ ಮೊದಲ್ಗೊಂಡು ಮನೆತನದ ಕವಲುಗಳನ್ನೆಲ್ಲ ಹಾಡಿ ಹೇಳಿ ಕಾಳು ಕಡ್ಡಿ ಪಡೆದು ಹೋಗುವುದು ಅವರ ಕುಲವೃತ್ತಿ. ಆದರೆ ಕಲ್ಲು ನೆನೆಯುವುದು ವೀರನನ್ನು, ದಾನಿಯನ್ನು. ಹೆಳವನು ಹಾಡುವುದು ತನಗೆ ಕಾಣಿಕೆ ಕೊಡಬಲ್ಲ ಒಕ್ಕಲನ್ನು. ಹುಟ್ಟಿದ ಮೂರನೆಯ ದಿನವೇ ತೀರಿಕೊಂಡ ಕೂಸನ್ನು, ಕೂಲಿಯಾಳಿನ ಹೆಂಡತಿಯನ್ನು, ಊರುಬಿಟ್ಟು ಬಂದ ಪರದೇಶಿಯನ್ನು ಬರೆದಿಟ್ಟವರು ಯಾರು? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿಕೊಂಡು ನಾವು ಈಗ ಕ್ರೈಸ್ತ ಇಗರ್ಜಿಗಳ ಕಡೆಗೆ ಹೋಗಬೇಕಾಗಿದೆ.

೧೫೬೩ರಲ್ಲಿ ಟ್ರೆಂಟ್ ನಗರದ ಧರ್ಮಸಭೆಯು ಪ್ರತಿಯೊಬ್ಬ ವಿಚಾರಣಾಗುರುವೂ ತನ್ನ ಇಗರ್ಜಿಯಲ್ಲಿ ನಡೆದ ಜ್ಞಾನಸ್ನಾನ, ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. ಮರಣದ ಪುಸ್ತಕವೂ ತರುವಾಯ ಕಡ್ಡಾಯವಾಯಿತು. ಜ್ಞಾನಸ್ನಾನದ ಒಂದು ದಾಖಲೆಯಲ್ಲಿ ಸಾಮಾನ್ಯವಾಗಿ ಇರತಕ್ಕ ವಿವರಗಳು ಇವು: ಮಗುವಿಗೆ ಸ್ನಾನವಾದ ದಿನ, ಅದು ಹುಟ್ಟಿದ ದಿನ, ತಂದೆಯ ಹೆಸರು, ತಾಯಿಯ ಹೆಸರು, ಜ್ಞಾನತಂದೆ ಜ್ಞಾನತಾಯಿಯರ ಹೆಸರು, ಕೊನೆಯಲ್ಲಿ ಗುರುವಿನ ರುಜು. ನಾಲ್ಕೈದು ಪಂಕ್ತಿಗಳಿಗಿಂತ ಹೆಚ್ಚಿಲ್ಲ. ಆದರೆ ಅದರಲ್ಲಿ ತಾಯಿಗೊಂದು ಸ್ಥಳವಿರುವುದನ್ನು ನಾವು ಗಮನಿಸಬೇಕು. ನಮ್ಮ ವಂಶವೃಕ್ಷಗಳಲ್ಲಿ ಗಂಡುಕೊಂಬೆಗಳೇ ಹೆಚ್ಚು. ಈ ದಫ್ತರದಲ್ಲಾದರೋ ತಾಯಿಯ ಹೆಸರಿಲ್ಲದೆ ಪಂಕ್ತಿ ಪೂರ್ಣವಾಗದು.

ಕನ್ನಡನಾಡಿನಲ್ಲಿ ಇಂತಹ ದಫ್ತರಗಳಿಂದ ಪೂರ್ವಿಕರನ್ನು ಹುಡುಕುವವರಲ್ಲಿ ಮಂಗಳೂರಿನ ಕಥೋಲಿಕರು ಮುಖ್ಯರು. ಅವರಲ್ಲಿ ಬಹುಮಂದಿಯ ಮೂಲ ಗೋವೆ. ಮಂಗಳೂರಿನ ರೊಜಾರಿಯೊ ಇಗರ್ಜಿ ೧೫೬೮ರಲ್ಲಿಯೂ ಮಿಲಾಗ್ರಿಸ್ ಇಗರ್ಜಿ ೧೬೮೦ರಲ್ಲಿಯೂ ಸ್ಥಾಪಿತವಾದುವು. ಹೀಗಿದ್ದರೂ ಅಲ್ಲಿಯ ಕುಟುಂಬವೊಂದು ಹಿಂದಕ್ಕೆ ಹಿಂದಕ್ಕೆ ಹೋದರೆ ೧೮೦೦ರ ಹತ್ತಿರ ಗೋಡೆಯೊಂದು ಅಡ್ಡ ನಿಲ್ಲುತ್ತದೆ. ಕಾರಣವೇನೆಂದರೆ, ೧೭೮೦ರಿಂದ ೧೭೮೪ರವರೆಗಿನ ಯುದ್ಧದಲ್ಲಿ ಈ ಜನರು ಇಂಗ್ಲಿಷರಿಗೆ ನೆರವಾದರೆಂದು ಶಂಕಿಸಿ ಟಿಪ್ಪು ಸುಲ್ತಾನನು ೧೭೮೪ರಲ್ಲಿ ಅವರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು, ಇಗರ್ಜಿಗಳು ನೆಲಸಮವಾದುವು. ಸೆರೆಯಾದವರು ೩೦,೦೦೦ ಎಂದು ಕೆಲವರು, ೮೦,೦೦೦ ಎಂದು ಕೆಲವರು ಬರೆದಿದ್ದಾರೆ. ಲೆಕ್ಕದಲ್ಲಿ ಇಷ್ಟು ಅಂತರವಿರುವುದೇ ದಾಖಲೆಗಳ ನಾಶಕ್ಕೆ ಸಾಕ್ಷಿ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಉಳಿದವರು ಊರಿಗೆ ಮರಳಿದರು. ಮಿಲಾಗ್ರಿಸ್ ೧೮೧೧ರಲ್ಲಿ, ರೊಜಾರಿಯೊ ೧೮೧೩ರಲ್ಲಿ ಮತ್ತೆ ಎದ್ದುವು. ಪುಸ್ತಕಗಳು ಹೊಸದಾಗಿ ಮೊದಲಾದುವು. ಕಟ್ಟಡವನ್ನು ಮರಳಿ ಕಟ್ಟಬಹುದು. ಹಾಳಾದ ಹೆಸರುಗಳನ್ನು ಮರಳಿ ಬರೆಯುವವರಾರು?

ಈ ಶೋಧನೆಯಲ್ಲಿ ಹೆಸರುಗಳೇ ದಾರಿಯೂ ಹೌದು, ದಾರಿ ತಪ್ಪಿಸುವ ಮಾಯೆಯೂ ಹೌದು. ಲತೀನಿನಲ್ಲಿ ಬರೆಯುವ ಗುರು ಯೊವಾನ್ನೆಸ್ ಎಂದು ಬರೆದವನೇ ಮನೆಯಲ್ಲಿ ಜುವಾಂವ್, ಕಚೇರಿಯಲ್ಲಿ ಜಾನ್. ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರನ್ನೂ ಎರಡನೆಯವನಿಗೆ ತಾಯಿಯ ತಂದೆಯ ಹೆಸರನ್ನೂ ಇಡುವ ವಾಡಿಕೆಯಿದ್ದುದರಿಂದ ಒಂದೇ ಹೆಸರು ಒಂದೇ ಮನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಇದು ತೊಡಕೂ ಅಹುದು, ಅಜ್ಜನನ್ನು ಊಹಿಸಲು ಸುಳಿವೂ ಅಹುದು. ಪಿಂಟೊ, ಡಿಸೋಜ ಎಂಬ ಉಪನಾಮವನ್ನು ಕಂಡೊಡನೆ ಪೋರ್ಚುಗೀಸ್ ರಕ್ತವೆಂದು ತೀರ್ಮಾನಿಸುವುದು ತಪ್ಪು. ಮತಾಂತರದ ಕಾಲದಲ್ಲಿ ಸ್ನಾನಕೊಟ್ಟ ಗುರುವಿನ ಅಥವಾ ಜ್ಞಾನತಂದೆಯ ಉಪನಾಮವನ್ನು ತಳೆದ ಮನೆಗಳು ಹೇರಳ. ಪ್ರಭು, ಕಾಮತ್, ಶೆಣೈ ಎಂಬ ಹಳೆಯ ಕುಲನಾಮಗಳನ್ನು ಅಂತಹ ಮನೆಗಳು ತಲೆಮಾರುಗಳವರೆಗೆ ನೆನಪಿನಲ್ಲಿಟ್ಟುಕೊಂಡು ಬಂದುದೂ ಉಂಟು.

ಈಗ ನಮ್ಮ ಜಯನಗರದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಜಯನಗರಕ್ಕೆ ಅಸ್ತಿಭಾರ ಬಿದ್ದುದು ೧೯೪೮ರಲ್ಲಿ. ಅಲ್ಲಿಯಾಗಲಿ ಬನಶಂಕರಿಯಲ್ಲಾಗಲಿ ನೆಲಸಿದವರಲ್ಲಿ ಬಹುಮಂದಿ ಬೇರೆಡೆಯಿಂದ ಬಂದವರು. ಅಲ್ಲಿಯ ಇಗರ್ಜಿಯ ಪುಸ್ತಕದಲ್ಲಿ ಅವರ ಮುತ್ತಾತನು ಸಿಕ್ಕಲಾರನು. ಆದರೂ ಸಂಧಿಯೊಂದುಂಟು. ೧೯೦೮ರಿಂದ ಜಾರಿಗೆ ಬಂದ ಕಟ್ಟಳೆಯಂತೆ, ವಿವಾಹವು ಎಲ್ಲಿಯೇ ನಡೆದರೂ ಆ ಸಂಗತಿಯನ್ನು ವಧೂವರರು ಜ್ಞಾನಸ್ನಾನ ಪಡೆದ ಇಗರ್ಜಿಗೆ ತಿಳಿಸಿ, ಅಲ್ಲಿಯ ಪುಸ್ತಕದ ಅಂಚಿನಲ್ಲಿ ಬರೆಯಿಸಬೇಕು. ಆದಕಾರಣ ಬೆಂಗಳೂರಿನ ವಿವಾಹದ ದಾಖಲೆಯು ಹಿಂದಿನ ಊರನ್ನು ತೋರಿಸುತ್ತದೆ. ಹಿಂದಿನ ಊರಿನ ಅಂಚುಬರಹವು ಬೆಂಗಳೂರನ್ನು ತೋರಿಸುತ್ತದೆ. ತಿಳಿದುದರಿಂದ ತಿಳಿಯದುದಕ್ಕೆ ಒಂದೊಂದೇ ತಲೆ ಹಿಂದಕ್ಕೆ ಹೋಗಬೇಕು. ದೊಡ್ಡ ಹೆಸರಿನ ಪುರುಷನೊಬ್ಬನನ್ನು ಮೊದಲು ಆರಿಸಿಕೊಂಡು ಅವನಿಂದ ಕೆಳಗಿಳಿದು ಬರುವವರು ವಂಶಾವಳಿಯನ್ನು ಬರೆಯುವುದಿಲ್ಲ, ಕಥೆಯನ್ನು ಬರೆಯುತ್ತಾರೆ.

ಬೆಂಗಳೂರಿನ ದಂಡಿನ ಪ್ರದೇಶದ ಕಥೆ ಬೇರೆ ಬಗೆಯದು. ೧೮೦೯ರಲ್ಲಿ ಅಲ್ಲಿ ದಂಡು ನೆಲೆಗೊಂಡ ಮೇಲೆ ಆಂಗ್ಲ ಧರ್ಮಸಭೆಯ ಪಾದ್ರಿಗಳು ಬರೆದ ಜ್ಞಾನಸ್ನಾನ, ವಿವಾಹ, ಸಮಾಧಿಗಳ ನಕಲು ಮದರಾಸಿಗೂ ಅಲ್ಲಿಂದ ಲಂಡನ್ನಿಗೂ ಹೋಗುತ್ತಿತ್ತು. ಮದರಾಸು ಆಧಿಪತ್ಯದ ಆ ನಕಲುಗಳು ಇಂದು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿವೆ. ನಮ್ಮ ಊರಿನ ಸಿಪಾಯಿಯ ಮಗುವೊಂದರ ಹೆಸರು ಸಮುದ್ರದಾಚೆ ಉಳಿದು, ಇಲ್ಲಿ ಗೆದ್ದಲಿಗೆ ಆಹಾರವಾಗಿರಬಹುದು. ಎರಡು ಪ್ರತಿಗಳನ್ನಿಡುವುದರ ಲಾಭ ಇದೇ.

ಇಷ್ಟೆಲ್ಲ ಶ್ರಮ ಏತಕ್ಕೆಂದು ಕೇಳುವವರಿಗೆ ನಾವು ಒಂದು ಸಂಗತಿಯನ್ನು ನೆನಪಿಸಬಯಸುತ್ತೇವೆ. ೧೮೭೬ರಿಂದ ೧೮೭೮ರವರೆಗೆ ಮೈಸೂರು ಸೀಮೆಯನ್ನು ಸುಟ್ಟ ಬರಗಾಲವನ್ನು ಹಿರಿಯರು ಧಾತು ಈಶ್ವರ ಸಂವತ್ಸರಗಳ ಕ್ಷಾಮವೆಂದು ನೆನೆಯುತ್ತಿದ್ದರು. ೧೮೭೧ರ ಜನಗಣತಿಯಲ್ಲಿ ೫೦ ಲಕ್ಷಕ್ಕೆ ಮೀರಿದ್ದ ಸೀಮೆಯ ಜನಸಂಖ್ಯೆ ೧೮೮೧ರ ಗಣತಿಯಲ್ಲಿ ೪೨ ಲಕ್ಷಕ್ಕೂ ಕಡಮೆಯಾಯಿತು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳು ಅನೇಕರು ಮಿಷನ್ನಿನ ಅನಾಥಾಲಯಗಳನ್ನು ಸೇರಿದರು. ತಂದೆಯಾರೆಂದು ಹೇಳಬಲ್ಲವರೇ ಉಳಿಯದ ಅಂತಹ ಮಗುವಿಗೆ ಊರಿನ ಹೆಳವನಿಲ್ಲ, ಶಾಸನವಿಲ್ಲ, ಗಯೆಯ ಪಂಡರ ವಹಿಯಿಲ್ಲ. ಅದು ಈ ಭೂಮಿಯ ಮೇಲೆ ಇದ್ದಿತೆಂಬುದಕ್ಕೆ ದಫ್ತರದ ಒಂದು ಪಂಕ್ತಿಯೇ ಆಧಾರ. ಅದರ ಮೊಮ್ಮಕ್ಕಳ ಮಕ್ಕಳಿಗೆ ವಂಶವು ಅಲ್ಲಿಂದಲೇ ಪ್ರಾರಂಭ. ಪುಸ್ತಕ ಹೋದರೆ ಆ ಮಗು ಎರಡನೆಯ ಸಲ ಅನಾಥವಾಗುತ್ತದೆ.

ದಫ್ತರವು ಹೊಗಳುಭಟನಲ್ಲ. ಮನೆಯಲ್ಲಿ ದಿವಾನನೆಂದು ಕೇಳಿಬಂದ ಅಜ್ಜನನ್ನು ಅದು ಬಾಣಸಿಗನೆಂದು ತೋರಿಸಬಹುದು. ಒಬ್ಬಳೆಂದು ತಿಳಿದ ಅಜ್ಜಿಗೆ ಮುಂಚೆ ಬಾಣಂತಿತನದಲ್ಲಿ ತೀರಿಕೊಂಡ ಇನ್ನೊಬ್ಬಳನ್ನು ತೋರಿಸಬಹುದು. ಅದನ್ನು ಸಹಿಸಬಲ್ಲವನೇ ಹುಡುಕಲು ಅರ್ಹನು.

ಮಳೆಗಾಲದ ತೇವ, ಶಾಯಿಯ ಕೊರೆತ, ಗೆದ್ದಲು, ಅಲಕ್ಷ್ಯ, ಈ ನಾಲ್ಕೂ ಹಳೆಯ ಪುಸ್ತಕಗಳ ಶತ್ರುಗಳು. ಮೊದಲ ಮೂರಕ್ಕೆ ಛಾಯಾಪ್ರತಿಯೇ ಮೊದಲಾದ ಉಪಾಯಗಳುಂಟು. ನಾಲ್ಕನೆಯದಕ್ಕೆ ಮದ್ದು ನಮ್ಮಲ್ಲಿಯೇ ಇದೆ. ಕ್ರೈಸ್ತರಾಗಲಿ ಅಲ್ಲದವರಾಗಲಿ, ಮನೆಯಲ್ಲಿ ಇನ್ನೂ ಇರುವ ಹಿರಿಯರ ಬಳಿ ಒಂದು ಸಂಜೆ ಕುಳಿತು, ಅವರಿಗೆ ನೆನಪಿರುವ ಹೆಸರುಗಳನ್ನು, ಅಜ್ಜಿಯರ ಹೆಸರುಗಳನ್ನೂ ಬಿಡದೆ, ಬರೆದಿಟ್ಟರೆ ನಾವೂ ಒಂದು ದಫ್ತರವನ್ನು ಮೊದಲುಮಾಡಿದಂತಾಯಿತು. ನೂರು ವರ್ಷಗಳ ಬಳಿಕ ಅದನ್ನು ತೆರೆಯುವವರು ನಮ್ಮ ಮಕ್ಕಳ ಮೊಮ್ಮಕ್ಕಳು. ಅವರಿಗೆ ನಾಲ್ಕನೆಯ ತಲೆ ನಾವೇ.