ಅಡಿಗಲ್ಲಿಗೆ ಮುನ್ನ: ಮಾರಿಕಣಿವೆಯ ಪಾಠ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಊರು ಹೊಸದುರ್ಗ, ವ್ಯಾಪಾರ ಕೊಬ್ಬರಿಯದು. ಹಿರಿಯೂರಿನ ಹೆದ್ದಾರಿಯ ಬದಿಯಲ್ಲಿ ದೊಡ್ಡದೊಂದು ಉಗ್ರಾಣ ಕಟ್ಟಿಸಬೇಕೆಂಬುದು ಅವನ ಬಯಕೆ. ನಕ್ಷೆಯನ್ನು ಮೇಜಿನ ಮೇಲೆ ಹರಡಿ, "ಸಾರ್, ಪೂಜೆಗೆ ತಾವೇ ಬರಬೇಕು" ಎಂದ. ಜಮೀನನ್ನು ಮಳೆಗಾಲದಲ್ಲಿ ನೋಡಿದ್ದೀಯಾ ಎಂದು ಕೇಳಿದೆ. ಇಲ್ಲವೆಂದ. ಕಲ್ಲು, ಜಲ್ಲಿ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಅದು ಕಂಟ್ರಾಕ್ಟರಿಗೆ ಗೊತ್ತು ಎಂದ. ಆ ದಿನ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಏನನ್ನೇ ಕಟ್ಟುವವನು ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಈ ನೆಲ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ? ಕೊಡದಿರುವುದು ಇಲ್ಲಿಗೆ ಯಾವ ದಾರಿಯಲ್ಲಿ ಬರಬೇಕು? ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಈ ಪ್ರಶ್ನೆಗಳಿಗೆ ಒಳ್ಳೆಯ ಉತ್ತರಗಳೂ ಇವೆ, ಅರ್ಧ ಉತ್ತರಗಳೂ ಇವೆ.

ಚಿತ್ರದುರ್ಗದ ಕೋಟೆಯನ್ನೇ ನೋಡಿ. ಏಳು ಸುತ್ತಿನ ಆ ಕೋಟೆಯ ಗೋಡೆಗಳು ಬೆಟ್ಟದ ಬಂಡೆಗಳೊಡನೆ ಬೆರೆತುಹೋಗಿವೆ. ಎಲ್ಲಿ ಹೆಬ್ಬಂಡೆ ತಾನೇ ಗೋಡೆಯಾಗಿ ನಿಂತಿದೆಯೋ ಅಲ್ಲಿ ಮನುಷ್ಯ ಕಟ್ಟಲಿಲ್ಲ. ಬಂಡೆ ಮುಗಿದ ಕಡೆಯಿಂದ ಕಟ್ಟಿದ. ಕಲ್ಲನ್ನು ಅಲ್ಲಿಯೇ ಸೀಳಿದರು. ಉಳಿಯಿಂದ ಕೊರೆದ ಗುಳಿಗಳ ಸಾಲುಗಳನ್ನು ಇಂದಿಗೂ ಕಾಣಬಹುದು. ಮಳೆ ಕಡಿಮೆಯಾದ ನಾಡೆಂದು ಅರಿತವರು ಬಿದ್ದ ನೀರನ್ನು ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡಗಳಲ್ಲಿ ಹಿಡಿದಿಟ್ಟರು. ಸ್ಥಳವನ್ನು ಅರಿತು ಕಟ್ಟುವುದೆಂದರೆ ಇದೇ.

ಇನ್ನು ಮಾರಿಕಣಿವೆಗೆ ಬರೋಣ. ಹಿರಿಯೂರಿಗೆ ಪಶ್ಚಿಮದಲ್ಲಿ ವೇದಾವತಿಯು ಬೆಟ್ಟಸಾಲನ್ನು ಭೇದಿಸಿಕೊಂಡು ಇಕ್ಕಟ್ಟಾದ ಕಣಿವೆಯೊಂದರಲ್ಲಿ ಹೊರಬೀಳುತ್ತದೆ. ಅಲ್ಲಿನ ಕಣಿವೆ ಮಾರಮ್ಮನಿಂದಲೇ ಸ್ಥಳಕ್ಕೆ ಆ ಹೆಸರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ೧೮೯೮ರಲ್ಲಿ ಇಲ್ಲಿ ಅಣೆಕಟ್ಟಿನ ಕೆಲಸ ಆರಂಭವಾಗಿ ೧೯೦೭ರಲ್ಲಿ ಮುಗಿಯಿತು. ಆಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನಿಂದ ಅದು ವಾಣಿವಿಲಾಸ ಸಾಗರವಾಯಿತು. ಕಟ್ಟೆಯ ಉದ್ದ ಸುಮಾರು ೧೩೩೦ ಅಡಿ; ಹಿಡಿಯುವ ನೀರು ಸುಮಾರು ೩೦ ಟಿ.ಎಂ.ಸಿ. ಇಷ್ಟು ಚಿಕ್ಕ ಕಟ್ಟೆಗೆ ಇಷ್ಟು ದೊಡ್ಡ ಜಲರಾಶಿ ದೊರೆತದ್ದು ಎರಡು ಬೆಟ್ಟಗಳು ಹತ್ತಿರ ನಿಂತಿದ್ದರಿಂದ.

ಸಾಗಾಣಿಕೆಯ ಪ್ರಶ್ನೆ ಹೇಗಿತ್ತು? ಬೆಂಗಳೂರಿನಿಂದ ಹರಿಹರದವರೆಗಿನ ಮೀಟರ್ ಗೇಜ್ ರೈಲುಮಾರ್ಗ ೧೮೮೯ರಲ್ಲಿ ಪೂರ್ಣವಾಗಿತ್ತು. ಆದರೆ ಅದು ಹೋದದ್ದು ಹೊಳಲ್ಕೆರೆಯ ದಿಕ್ಕಿನಲ್ಲಿ. ಮಾರಿಕಣಿವೆಗೆ ಹತ್ತಾರು ಮೈಲಿ ದೂರ. ನಮ್ಮ ದೇಶದಲ್ಲಿ ಸಿಮೆಂಟು ತಯಾರಿಕೆ ನೆಲೆಯೂರಿದ್ದು ೧೯೧೪ರಲ್ಲಿ, ಪೋರಬಂದರಿನ ಕಾರ್ಖಾನೆಯಿಂದ. ೧೮೯೮ರಲ್ಲಿ ಸಿಮೆಂಟು ಬೇಕೆಂದರೆ ಅದು ಹಡಗಿನಲ್ಲಿ ಮದರಾಸಿಗೆ ಬಂದು, ಅಗಲ ಹಳಿಯಲ್ಲಿ ಬೆಂಗಳೂರು ತಲುಪಿ, ಅಲ್ಲಿ ಸಣ್ಣ ಹಳಿಯ ಗಾಡಿಗೆ ಮೂಟೆ ಬದಲಾಗಿ, ಕೊನೆಗೆ ಎತ್ತಿನ ಬಂಡಿ ಏರಬೇಕಿತ್ತು. ಅಣೆಕಟ್ಟು ಎದ್ದದ್ದು ಕಲ್ಲು ಮತ್ತು ಸುರ್ಕಿ ಗಾರೆಯಿಂದ. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಅರೆದರೆ ದೊರೆಯುವ ಗಾರೆ ಅದು. ದೂರದ ವಸ್ತುವನ್ನು ನೆಚ್ಚದೆ ಕಟ್ಟಿದ ಆ ಗೋಡೆ ನೂರು ವರ್ಷ ದಾಟಿಯೂ ದೃಢವಾಗಿ ನಿಂತಿದೆ.

ಹಾಗಾದರೆ ಲೆಕ್ಕವೆಲ್ಲ ಸರಿಯಾಯಿತೇ? ಇಲ್ಲ. ಜಲಾಶಯ ಮೊದಲ ಬಾರಿಗೆ ತುಂಬಿದ್ದು ೧೯೩೩ರಲ್ಲಿ. ಅಂದರೆ ಕಟ್ಟಿ ಮುಗಿಸಿದ ೨೬ ವರ್ಷಗಳ ನಂತರ. ಮತ್ತೆ ಕೋಡಿ ಬೀಳಲು ೨೦೨೨ರವರೆಗೆ, ಎಂದರೆ ೮೯ ವರ್ಷ ಕಾಯಬೇಕಾಯಿತು! ಕಣಿವೆ ಉತ್ತಮವಾದದ್ದೇ, ಆದರೆ ನದಿಯ ಪಾತ್ರ ಮಳೆಯ ಮರೆಯ ನಾಡಿನಲ್ಲಿದೆ. ವೇದಾ, ಆವತಿ ಎರಡೂ ಮೇಲಿನ ಮದಗದ ಕೆರೆ, ಅಯ್ಯನಕೆರೆಗಳನ್ನು ತುಂಬಿಸಿ ಬರಬೇಕು. ೨೦೧೯ರಿಂದೀಚೆಗೆ ಭದ್ರೆಯ ನೀರು ಹರಿದುಬರಲು ತೊಡಗಿದ ಮೇಲೆ ಜಲಾಶಯದ ಸ್ಥಿತಿ ಸುಧಾರಿಸಿತು. ೨೦೨೫ರ ಜನವರಿಯಲ್ಲಿ ಪುನಃ ಕೋಡಿ ಬಿತ್ತು. ಸ್ಥಳವೆಂದರೆ ಕಾಲ ಕೆಳಗಿನ ನೆಲವಷ್ಟೇ ಅಲ್ಲ. ಅದರ ಮೇಲೆ ಬೀಳುವ ಮಳೆಯೂ ಹೌದು, ಬೀಳದ ಮಳೆಯೂ ಹೌದು.

ರೈಲಿನ ಮಾತಿಗೆ ಮರಳೋಣ. 'ಹೊಸದುರ್ಗ ರೋಡ್' ಎಂಬ ನಿಲ್ದಾಣದ ಹೆಸರನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಹೆಸರಿನ ಕೊನೆಯ ಆ 'ರೋಡ್' ಎಂಬುದು, ಊರು ಇಲ್ಲಿಲ್ಲ, ಇಲ್ಲಿಂದ ಊರಿಗೆ ರಸ್ತೆಯಿದೆ ಎಂಬ ಸೂಚನೆ. ಹಳಿ ಎಲ್ಲಿ ಹೋಯಿತೋ ಅಲ್ಲಿ ಸರಕು ಅಗ್ಗವಾಗಿ ಇಳಿಯಿತು. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ ಆಯಿತು. ಅಲ್ಲಿಂದ ಚಿತ್ರದುರ್ಗಕ್ಕೆ ಕವಲು ಬಂತು. ಹಿರಿಯೂರಿಗೆ ಹಳಿ ದೊರೆಯಲಿಲ್ಲ; ೨೦೧೧-೧೨ರಲ್ಲಿ ಮಂಜೂರಾದ ತುಮಕೂರು–ದಾವಣಗೆರೆ ಮಾರ್ಗದಲ್ಲಿ ಅದರ ಹೆಸರೂ ಸೇರಿತು. ಅದುವರೆಗೆ ಹಿರಿಯೂರಿಗೆ ಆಧಾರವಾದದ್ದು ಪುಣೆ ಹೆದ್ದಾರಿ ಮತ್ತು ಬಳ್ಳಾರಿ–ಹುಳಿಯಾರು ದಾರಿ ಸಂಧಿಸುವ ಸ್ಥಾನ.

ಈಚೆಗೆ ನಮ್ಮ ಬೆಟ್ಟಗಳ ಮೇಲೆ ಗಾಳಿಯಂತ್ರಗಳು ಬಂದವಷ್ಟೆ. ಅದರ ರೆಕ್ಕೆಯನ್ನು ಹೊತ್ತ ಉದ್ದನೆಯ ಲಾರಿ ಒಂದು ತಿರುವಿನಲ್ಲಿ ಸಿಕ್ಕಿಕೊಂಡರೆ ಬೆಟ್ಟದ ಮೇಲಿನ ಕೆಲಸವೆಲ್ಲ ನಿಂತಂತೆ. ಆದ್ದರಿಂದ ಅಲ್ಲಿ ಮೊದಲು ದಾರಿ, ಆಮೇಲೆ ಕಂಬ.

ಇದನ್ನೆಲ್ಲ ನಾನು ಪುಸ್ತಕದಿಂದ ಮಾತ್ರ ಕಲಿತವನಲ್ಲ. ನಾನು ಕೆಲಸ ಮಾಡಿದ ಶಾಲೆಯೊಂದಕ್ಕೆ ಎರಡು ಕೊಠಡಿಗಳು ಮಂಜೂರಾದವು. ಎರೆಭೂಮಿ, ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿ. ಗಟ್ಟಿ ನೆಲವೆಂದು ನಂಬಿ ಪಾಯವನ್ನು ಆಳಕ್ಕೆ ತೆಗೆಯಲಿಲ್ಲ. ಕಲ್ಲುಚಪ್ಪಡಿ ತಂದ ಲಾರಿ ಹಳ್ಳದ ಮೋರಿಯನ್ನು ದಾಟಲಾರದೆ ಅರ್ಧ ಮೈಲಿ ಹಿಂದೆಯೇ ಸರಕನ್ನು ಇಳಿಸಿತು. ಹೊತ್ತು ತರುವ ಕೂಲಿ ಅಂದಾಜಿನಲ್ಲಿ ಇರಲಿಲ್ಲ. ಆ ಹಣವನ್ನು ಪಾಯದ ಖರ್ಚಿನಲ್ಲೇ ಉಳಿಸಿದರು. ಎರಡನೆಯ ಮಳೆಗಾಲಕ್ಕೆ ಎರೆಮಣ್ಣು ಉಬ್ಬಿ ಗೋಡೆ ಸೀಳಿತು. ಎಂಟನೆಯ ತರಗತಿಯ ಮಕ್ಕಳು ಉಳಿದ ವರ್ಷವನ್ನು ಜಗುಲಿಯಲ್ಲಿ ಕಳೆದರು. ಊರಿನ ಒಬ್ಬ ಹಿರಿಯ ರೈತನನ್ನು ಕೇಳಿದ್ದರೂ ಆ ನೆಲದ ಗುಣ ತಿಳಿಯುತ್ತಿತ್ತು. ಮೇಲುಸ್ತುವಾರಿ ಸಮಿತಿಯಲ್ಲಿ ನಾನೂ ಇದ್ದೆ, ನಾನೂ ಕೇಳಲಿಲ್ಲ.

ಆದುದರಿಂದ, ಕಟ್ಟಡ ಕಟ್ಟಿಸಹೊರಟಿರುವ ನನ್ನ ವಿದ್ಯಾರ್ಥಿಗಳೇ, ಬಂಧುಗಳೇ, ಜಮೀನಿನ ಮೇಲೆ ಒಂದು ಮಳೆಯಲ್ಲಿ ನಿಂತು ನೀರು ಎತ್ತ ಹರಿಯುತ್ತದೆಂದು ನೋಡಿರಿ. ಗುಂಡಿ ತೋಡಿಸಿ ಎರೆಮಣ್ಣು ಎಷ್ಟು ಆಳಕ್ಕಿದೆಯೆಂದು ಅಳೆಯಿರಿ. ಕ್ವಾರಿಯಿಂದ ನಿವೇಶನದವರೆಗೆ ತುಂಬಿದ ಲಾರಿಯ ಹಿಂದೆ ಒಮ್ಮೆ ಹೋಗಿ ಮೋರಿ, ತಿರುವು, ತಗ್ಗಿದ ವಿದ್ಯುತ್ ತಂತಿಗಳನ್ನು ಗುರುತು ಹಾಕಿಕೊಳ್ಳಿರಿ. ಇದಕ್ಕೆ ತಗಲುವ ಖರ್ಚು ಅತ್ಯಲ್ಪ.

ಮೊನ್ನೆ ಆ ವಿದ್ಯಾರ್ಥಿಯ ದೂರವಾಣಿ ಬಂತು. ಗುಂಡಿ ತೋಡಿಸಿದನಂತೆ. ಆರು ಅಡಿಯವರೆಗೂ ಎರೆ. "ಪೂಜೆಯನ್ನು ಮುಂದೂಡಿದ್ದೇನೆ ಸಾರ್, ಪಾಯದ ನಕ್ಷೆ ಬೇರೆ ಮಾಡಿಸಬೇಕು" ಎಂದ. ಪೂಜೆಗೆ ಖಂಡಿತ ಬರುತ್ತೇನೆಂದು ಈಗ ಒಪ್ಪಿಕೊಂಡಿದ್ದೇನೆ.